ಕುರಿ ಎಣಿಸದ ಕ್ಯಾಸೆಟ್ಟು

ನಾನು ಹೊಲಿಗೆ ಟೀಚರು. ಕಂಪ್ಯೂಟರಿಗೂ ನನಗೂ ಗಂಟು ಬಿದ್ದದ್ದು ನಮ್ಮ ಶಾಲೆಯ ಗಂಡಸರ ಪುಕ್ಕಲುತನದಿಂದ.

ಹಿರಿಯೂರಿನಲ್ಲಿ ನಾನಿದ್ದ ಹೆಣ್ಣುಮಕ್ಕಳ ಹೈಸ್ಕೂಲಿಗೆ ಮೂವತ್ತೈದು ವರ್ಷಕ್ಕೂ ಹಿಂದೆ ಒಂದು ಕಂಪ್ಯೂಟರು ಬಂತು. ಈಗಿನವರು ನೋಡಿದರೆ ಅದನ್ನು ಕಂಪ್ಯೂಟರು ಎನ್ನುವುದೂ ಇಲ್ಲ. ದಪ್ಪನೆಯ ಕೀಲಿಮಣೆ, ಅಷ್ಟೇ. ಪರದೇಶದಲ್ಲಿ ಜನ ಮನೆಯಲ್ಲಿಟ್ಟುಕೊಂಡು ಆಟವಾಡುವಂಥದ್ದಂತೆ. ಅದನ್ನು ಟೀವಿಗೆ ಸಿಕ್ಕಿಸಬೇಕು. ಬರೆದ ಪ್ರೋಗ್ರಾಮು ಉಳಿಯಬೇಕೆಂದರೆ ಹಾಡು ಕೇಳುವ ಟೇಪ್‌ರೆಕಾರ್ಡರಿಗೆ ವೈರ್ ಹಾಕಿ ಕ್ಯಾಸೆಟ್ಟಿಗೆ ತುಂಬಿಸಬೇಕು. ಆಫ್ ಮಾಡಿದರೆ ಅದರ ತಲೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಮರುದಿನ ಅದೇ ಕ್ಯಾಸೆಟ್ಟಿನಿಂದ ಮತ್ತೆ ತಲೆಗೆ ತುಂಬಿಸಬೇಕು.

ಗಣಿತದ ಮೇಷ್ಟ್ರು "ಕೆಟ್ರೆ ನನ್ನ ತಲೆಗೆ ಬರ್ತತೆ" ಎಂದು ಹಿಂದೆ ಸರಿದರು. ವಿಜ್ಞಾನದವರಿಗೆ ಆ ವಾರವೇ ಬೆನ್ನುನೋವು ಬಂತು. ಹೆಡ್‌ಮಾಸ್ಟರು ನನ್ನ ಕಡೆ ತಿರುಗಿ, "ನೀವು ಹೆಂಗೂ ಮಷೀನ್ ಓಡಿಸ್ತೀರಲ್ಲಮ್ಮ, ಇದೂ ಒಂದು ಮಷೀನು, ನೋಡ್ಕಳ್ರಿ" ಎಂದರು. ನನಗೆ ಸಿಟ್ಟು ಬಂತು. ಸಿಟ್ಟಿಗೇ ಕಲಿತೆ. ಪುಸ್ತಕ ನೋಡಿಕೊಂಡು, ತಪ್ಪಿದರೆ ಬೈದುಕೊಂಡು, ಆರು ತಿಂಗಳಲ್ಲಿ ನಾನೂ ಹತ್ತು ಹುಡುಗಿಯರೂ ಅದಕ್ಕೆ ಮಗ್ಗಿ ಹೇಳಿಸಿದೆವು. ಲಂಗಕ್ಕೆ ಎಷ್ಟು ಬಟ್ಟೆ ಬೇಕೆಂದು ಲೆಕ್ಕ ಹಾಕಿಸಿದೆವು. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ. ನನ್ನ ಯಜಮಾನರು ಇದನ್ನು ಓದಿದರೆ ಓದಲಿ.

ಹುಡುಗಿಯರಲ್ಲಿ ಒಬ್ಬಳು ಯಲ್ಲದಕೆರೆ ಕಡೆಯವಳು. ಕುರಿ ಕಾಯುವ ಮನೆಯ ಮಗಳು, ಹಿರಿಯೂರಿನ ಹಾಸ್ಟೆಲಿನಲ್ಲಿದ್ದಳು. ಮಾತು ಕಡಿಮೆ. ಒಂದು ದಿನ ನಾನು ಎಣಿಕೆಯ ಪ್ರೋಗ್ರಾಮು ಹೇಳಿಕೊಡುತ್ತಾ, "ನಿಮ್ಮ ಮನೆ ಕುರಿ ಎಣ್ಸು ನೋಡಾಣ" ಎಂದೆ.

"ಕುರಿ ಎಣಿಸಬಾರ್ದು ಟೀಚರ್," ಎಂದಳು.

"ಎಣಿಸದೆ ಹೆಂಗೆ ಗೊತ್ತಾಗುತ್ತೆ, ಒಂದು ತಪ್ಪಿಸ್ಕಂಡ್ರೆ?"

"ಮಕ ನೋಡಿದ್ರೆ ಗೊತ್ತಾಗ್ತತೆ. ನಮ್ಮಪ್ಪ ಕುರಿ ಕೂಡೋ ರೊಪ್ಪದ ಬಾಗ್ಲಲ್ಲಿ ನಿಂತ್ಕಂಡು ಒಂದೊಂದನ್ನೂ ಹೆಸರು ಹಿಡ್ದು ಕರೀತಾನೆ. ಎಣಿಸಿದ್ರೆ ದೃಷ್ಟಿ ಆಗ್ತತೆ, ಮಂದೆ ಏಳ್ಗೆ ಆಗಲ್ಲ. ಬಂದು ನೋಡ್ರಿ ಬೇಕಾದ್ರೆ."

ಹುಡುಗಿಯರು ಕಿಸಕ್ಕೆಂದರು. ನಾನೂ ನಕ್ಕೆ. "ಆಯ್ತು ಕಣೇ, ಒಂದು ಭಾನುವಾರ ಬರ್ತೀನಿ" ಎಂದೆ. ಹೋಗಲಿಲ್ಲ. ಆಮೇಲೆ ಹೋಗುವ ಮುಖವನ್ನೇ ಉಳಿಸಿಕೊಳ್ಳಲಿಲ್ಲ.

ಅವಳು ಎಣಿಸದೆಯೇ ಕುರಿಗಳ ಲೆಕ್ಕ ಇಡುವ ಒಂದು ಪ್ರೋಗ್ರಾಮು ಬರೆಯಲು ಹೊರಟಳು. ಒಂದು ಶನಿವಾರ ಮಧ್ಯಾಹ್ನ, "ಮುಗೀತು ಟೀಚರ್, ಕ್ಯಾಸೆಟ್ಟಿಗೆ ತುಂಬಿಸಿ ಬೀಗ ಹಾಕ್ಕಂಡು ಹೋಗ್ತೀನಿ. ಸೋಮವಾರ ನೋಡ್ರಿ, ಮೊದ್ಲೇ ನೋಡ್ಬ್ಯಾಡ್ರಿ" ಎಂದು ನಗುತ್ತಾ ಕೀ ಇಸಿದುಕೊಂಡಳು.

ಸೋಮವಾರ ಯಾವ ಕ್ಯಾಸೆಟ್ಟೂ ಕಂಪ್ಯೂಟರಿಗೆ ತುಂಬಲಿಲ್ಲ. ಅವಳದ್ದಲ್ಲ, ನನ್ನದಲ್ಲ, ಆರು ತಿಂಗಳ ಒಂದೇ ಒಂದು ಪ್ರೋಗ್ರಾಮೂ ಇಲ್ಲ. ಟೀವಿಯ ಮೇಲೆ ಬರೀ ಗೆರೆ ಓಡಿದವು. ಹೊಸ ಕ್ಯಾಸೆಟ್ಟು ಹಾಕಿ ನಾಲ್ಕು ಸಾಲು ಬರೆದು ತುಂಬಿಸಿ ತೆಗೆದರೆ ಸರಿಯಾಗಿ ಬಂತು. ಅಂದರೆ ಮಷೀನು ಸರಿಯಿದೆ, ಟೇಪ್‌ರೆಕಾರ್ಡರು ಸರಿಯಿದೆ. ಹಳೆಯವನ್ನೆಲ್ಲ ಯಾರೋ ಅಳಿಸಿದ್ದಾರೆ. ಕೊನೆಗೆ ಕೋಣೆಯಲ್ಲಿದ್ದವಳು ಯಾರು?

ನನ್ನ ಕೋಪ ಹಿರಿಯೂರಿಗೇ ಗೊತ್ತು. ಅವತ್ತು ಇಡೀ ತರಗತಿಯ ಮುಂದೆ ಅವಳನ್ನು ನಿಲ್ಲಿಸಿದೆ. ಅಂದ ಮಾತನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. "ಕುರಿ ಕಾಯೋರ ಕೈಗೆ ಕಂಪ್ಯೂಟರ್ ಕೊಟ್ಟೆನಲ್ಲ, ನನ್ನ ಬುದ್ಧಿಗೆ ಹೊಡ್ಕಬೇಕು" ಎಂದೆ. "ನಾನು ಅಳಿಸಿಲ್ಲ ಟೀಚರ್" ಎಂದು ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ. ಕಂಪ್ಯೂಟರ್ ಕೋಣೆಗೆ ಕಾಲಿಡಬೇಡ ಎಂದೆ, ಇಡಲಿಲ್ಲ. ಹತ್ತನೆಯ ತರಗತಿ ಪಾಸಾಗಿ ಊರಿಗೆ ಹೋದಳು. ಹೋಗುವಾಗ ಎಲ್ಲ ಟೀಚರುಗಳ ಕಾಲಿಗೂ ನಮಸ್ಕಾರ ಮಾಡಿದಳು, ನನ್ನ ಕಾಲಿಗೂ. ಆ ಕ್ಯಾಸೆಟ್ಟುಗಳನ್ನು ನಾನು ನೂಲುಂಡೆಯ ಬಿಸ್ಕತ್ ಡಬ್ಬಿಗೆ ಎಸೆದೆ. ಅವು ಅಲ್ಲೇ ಉಳಿದವು. ಆಮೇಲೆ ಕಂಪ್ಯೂಟರು ಕೆಟ್ಟು ಗುಜರಿಗೆ ಹೋಯಿತು, ನಾನು ನಿವೃತ್ತಳಾದೆ.

ಶಾಲೆಯ ಕಂಪ್ಯೂಟರು ಕೆಟ್ಟಾಗಲೆಲ್ಲ ನೋಡಿಕೊಳ್ಳುತ್ತಿದ್ದವರು ಚಿತ್ರದುರ್ಗದ ರೇಡಿಯೋ ರಿಪೇರಿ ಸಾಹೇಬರು. ಕೋಟೆಯ ಕೆಳಗಿನ ಹಳೇ ಪೇಟೆಯ ಓಣಿಯಲ್ಲಿ ಅವರ ಅಂಗಡಿ. "ನಮ್ಮ ಮುತ್ತಜ್ಜನ ಮುತ್ತಜ್ಜ ಇಲ್ಲೇ ಕೂತು ಬಂದೂಕಿನ ಕುದುರೆ ಸರಿ ಮಾಡ್ತಿದ್ರು, ಆಮೇಲೆ ಗಡಿಯಾರ, ಆಮೇಲೆ ಗ್ರಾಮಫೋನು. ಸಾಮಾನು ಬದಲಾಗೈತೆ, ಸ್ಟೂಲ್ ಅದೇ" ಎನ್ನುತ್ತಾರೆ. ಕುತ್ತಿಗೆಯ ದಾರದಲ್ಲಿ ಬೆರಳುದ್ದದ ಒಂದು ಸ್ಕ್ರೂಡ್ರೈವರು ಸದಾ ನೇತಾಡುತ್ತದೆ. ಯಾವ ಟೇಪ್‌ರೆಕಾರ್ಡರು ಕೈಗೆ ಬಂದರೂ, ತೊಂದರೆ ಏನೇ ಇರಲಿ, ಅದರಲ್ಲಿ ಟೇಪು ಓದುವ ಹೆಡ್ಡಿನ ತಿರುಪನ್ನು ಕಿವಿಯಿಂದಲೇ ಕೇಳಿ ನೆಟ್ಟಗೆ ಮಾಡಿ ಕೊಡುವುದು ಅವರ ವಾಡಿಕೆ. ಮಾಡಿ ಎಂದು ಕೇಳುವವರು ಯಾರೂ ಇಲ್ಲ, ಅದಕ್ಕೆ ದುಡ್ಡೂ ಇಲ್ಲ. "ಹಾಡು ಮಂಕಾಗಿ ಕೇಳಿದ್ರೆ ನಂಗೆ ಊಟ ಸೇರಲ್ಲ" ಎನ್ನುತ್ತಾರೆ.

ಹೋದ ವರ್ಷ ಅವರ ಫೋನು ಬಂತು. "ಟೀಚರಮ್ಮ, ಸತ್ತದ್ದು ಎದ್ದು ಬಂದೈತೆ, ದುರ್ಗಕ್ಕೆ ಬರ್ರಿ."

ನಮ್ಮ ಆ ಕಂಪ್ಯೂಟರನ್ನು ಮರೆಯಲಾಗದ ಹುಚ್ಚರು ಜಗತ್ತಿನ ತುಂಬ ಇದ್ದಾರಂತೆ. ಅದನ್ನು ಮಾಡುತ್ತಿದ್ದವರು ಯಾವತ್ತೋ ಅಂಗಡಿ ಮುಚ್ಚಿದರೂ ಈ ಜನ ಬಿಡಲಿಲ್ಲ. ತಾವೇ ಕೂಡಿ ಚಂದಾ ಎತ್ತಿ, ಅದೇ ಮೈಕಟ್ಟು, ಅದೇ ಕೀಲಿಗಳು, ಒಳಗೆ ಮಾತ್ರ ಈಗಿನ ಕಾಲದ ಚಿಪ್ಪು ಇಟ್ಟು ಅದರ ಹೊಸ ತಲೆಮಾರನ್ನೇ ಮಾಡಿಸಿದ್ದಾರೆ. ಈಗಿನ ಚಪ್ಪಟೆ ಟೀವಿಗೆ ಹೊಂದುತ್ತದೆ. ಹಳೆಯ ಪ್ರೋಗ್ರಾಮು ಹಾಕಿದರೆ ತಾನು ಹಳೆಯದೇ ಎಂಬಂತೆ ನಡೆದುಕೊಳ್ಳುತ್ತದೆ. ಎಲ್ಲಕ್ಕಿಂತ ಹೆಚ್ಚಿನದೆಂದರೆ ಟೇಪ್‌ರೆಕಾರ್ಡರಿನ ವೈರು ಸಿಕ್ಕಿಸುವ ತೂತನ್ನೂ ಉಳಿಸಿದ್ದಾರೆ. ನಮ್ಮ ಜಿಲ್ಲೆಯಲ್ಲೂ ಇಂಥ ಹುಚ್ಚರು ಇಬ್ಬರು ಸಾಹೇಬರಿಗೆ ಸಿಕ್ಕಿದ್ದರು. ಹೊಳಲ್ಕೆರೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟವರೊಬ್ಬರು, ಹೊಸದುರ್ಗದ ನಿವೃತ್ತ ಬ್ಯಾಂಕಿನವರೊಬ್ಬರು. ಹೊಳಲ್ಕೆರೆಯವರೇ ಆ ಮಷೀನು ತರಿಸಿದ್ದು.

ನಾನು ಬಿಸ್ಕತ್ ಡಬ್ಬಿ ಹಿಡಿದು ಬಸ್ಸು ಹತ್ತಿದೆ. ಅಳಿಸಿದ ಕ್ಯಾಸೆಟ್ಟು ಅಂತ ಗೊತ್ತು. ಖಾಲಿ ಕ್ಯಾಸೆಟ್ಟಾದರೂ ಉಪಯೋಗಕ್ಕೆ ಬರಲಿ, ಹೊಸದಾಗಿ ಏನಾದರೂ ತುಂಬಿಸೋಣ ಎಂದುಕೊಂಡಿದ್ದೆ.

ಅಂಗಡಿಯಲ್ಲಿ ಆ ಕೀಲಿಗಳ ಮೇಲೆ ಬೆರಳಿಟ್ಟೆ. ಬೆರಳಿಗೆ ಎಲ್ಲ ನೆನಪಿತ್ತು. ಬ್ಯಾಂಕಿನವರು ತಂದಿದ್ದ ಹಳೇ ಆಟದ ಕ್ಯಾಸೆಟ್ಟು ಹಾಕಿದೆವು, ಕಿರ್ರೆಂದು ತುಂಬಿ ಆಟ ಶುರುವಾಯಿತು. ನಾಲ್ಕು ಜನ ಮುದುಕರು ಅಂಗಡಿಯಲ್ಲಿ ಚಪ್ಪಾಳೆ ತಟ್ಟಿದ್ದನ್ನು ನೋಡಿ ಎದುರಿನ ಬೇಕರಿಯವರು ಬಂದು ಇಣುಕಿದರು. ನನ್ನವನ್ನು ಹಾಕಿದಾಗ ಒಂದೂ ತುಂಬಲಿಲ್ಲ.

"ಎಸೀರಿ ಮೇಡಂ, ಸತ್ತಾವೆ" ಎಂದರು ಬ್ಯಾಂಕಿನವರು.

"ಸತ್ತದ್ದಲ್ಲ, ಒಬ್ಬಳು ಹುಡುಗಿ ಅಳಿಸಿದ್ದು" ಎಂದು, ಶಾಲಾ ದಿನಾಚರಣೆಗೆ ಮುಂಚಿನ ಆ ಶನಿವಾರ, ಸೋಮವಾರದ ಕಥೆ ಹೇಳಿದೆ. ಮೂವತ್ತೈದು ವರ್ಷದ ಮೇಲೂ ಆ ಮಾತು ನನ್ನ ಬಾಯಿಂದ ಸಲೀಸಾಗಿ ಬಂತು.

ಸಾಹೇಬರು ವೈರನ್ನು ಕಿತ್ತರು. ವೈರು ಸಿಕ್ಕಿಸಿದ್ದರೆ ಟೇಪ್‌ರೆಕಾರ್ಡರಿನ ಸ್ಪೀಕರು ಮಾತಾಡುವುದಿಲ್ಲ, ಕಿತ್ತರೆ ಮಾತಾಡುತ್ತದೆ. 'ಕುರಿ' ಎಂದು ಅವಳ ದುಂಡು ಅಕ್ಷರದಲ್ಲಿ ಬರೆದಿದ್ದ ಕ್ಯಾಸೆಟ್ಟನ್ನು ಓಡಿಸಿದರು. ಕಂಬಳಿ ಹೊದ್ದು ಯಾರೋ ಕಿರುಚಿದ ಹಾಗೆ ಮಂಕಾದ ಒಂದು ಸದ್ದು ಅಂಗಡಿಯಲ್ಲಿ ತುಂಬಿತು.

"ಅಳಿಸಿದ ಟೇಪು ಕಿರುಚಲ್ಲ ಟೀಚರಮ್ಮ. ಸುಮ್ನಿರ್ತತೆ," ಎಂದರು. ಕುತ್ತಿಗೆಯ ಸ್ಕ್ರೂಡ್ರೈವರು ತೆಗೆದು ಹೆಡ್ಡಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಇನ್ನೊಂದು ಕೂದಲೆಳೆ. ಸದ್ದು ಚುರುಕಾಯಿತು, ಹರಿತವಾಯಿತು. ವೈರು ಮತ್ತೆ ಸಿಕ್ಕಿಸಿದರು. ಅದು ತುಂಬಿತು.

ಟೀವಿಯ ಮೇಲೆ ಒಂದು ಸಾಲು ಬಂತು. ಆ ಮಷೀನಿಗೆ ಕನ್ನಡ ಬಾರದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದಳು. 'ಕರಿಕಿವಿ ಬಂತಾ?' ಹೂಂ ಅನ್ನಲು ಒಂದು ಕೀಲಿ, ಇಲ್ಲ ಅನ್ನಲು ಒಂದು ಕೀಲಿ. ಅದರ ಪಕ್ಕ ಚೌಕ ಮಿಣುಕುತ್ತಾ ಕಾಯುತ್ತಿತ್ತು.

ಹೊಳಲ್ಕೆರೆಯವರು ಒತ್ತಲು ಕೈ ಚಾಚಿದರು. "ಮುಟ್ಬೇಡ್ರಿ!" ಎಂದು ಗದರಿದೆ. ಅವಳ ಕುರಿ ಬಂತೋ ಇಲ್ಲವೋ ಹೇಳಲು ನಾವ್ಯಾರು?

ಸಾಹೇಬರು ಸ್ಟೂಲಿನ ಮೇಲೆ ಕೂತುಬಿಟ್ಟಿದ್ದರು. "ಟೀಚರಮ್ಮ, ಶಾಲೆ ಟೇಪ್‌ರೆಕಾರ್ಡರ್ ಹೆಡ್ಡು ಮೊದ್ಲಿಂದ ಸೊಟ್ಟ ಇತ್ತು. ಸೊಟ್ಟ ಹೆಡ್ಡಲ್ಲಿ ತುಂಬಿಸಿದ್ದು ಸೊಟ್ಟ ಹೆಡ್ಡಿಗೇ ಕೇಳೋದು. ಅದನ್ನ ಯಾರೋ ನೆಟ್ಟಗೆ ಮಾಡವ್ರೆ. ಯಾರು ಗೊತ್ತಾ? ಆ ಭಾನುವಾರ ನಿಮ್ಮ ಹೆಡ್‌ಮಾಸ್ಟ್ರು ಶಾಲಾ ದಿನಾಚರಣೆ ಹಾಡಿಗೆ ಅಂತ ನನ್ನ ಕರೆಸಿದ್ರು. ಅದಕ್ಕೆ ಹೊಸ ಬೆಲ್ಟ್ ಹಾಕಿದೆ. ಆಮೇಲೆ... ಯಾ ಅಲ್ಲಾ, ತಿರುಪೂ ತಿರುಗಿಸಿದೆ. ಪುಗಸಟ್ಟೆ."

ಹೊಲಿಗೆಯವಳಿಗೆ ಇದು ತಕ್ಷಣ ಅರ್ಥವಾಗುತ್ತದೆ. ಸೊಟ್ಟ ಕತ್ತರಿಸಿದ ತುಂಡಿಗೆ ಸೊಟ್ಟ ತುಂಡೇ ಸೇರುವುದು. ಸಾಹೇಬರು ಒಳ್ಳೆಯದೇ ಮಾಡಿದ್ದರು. ನಾನು ಮಾಡಿದ್ದೇನು? ಒಂದೇ ಒಂದು ಸಲ ಆ ವೈರು ಕಿತ್ತು ಕೇಳಿದ್ದರೆ ಗೊತ್ತಾಗುತ್ತಿತ್ತು, ಟೇಪು ಖಾಲಿಯಿಲ್ಲ ಎಂದು. ಕೇಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಮಗುವನ್ನೇ ಡೊಂಕು ಅಂದೆ. ಅಂಗಡಿಯಲ್ಲಿ ಮೂವರು ಗಂಡಸರ ಮುಂದೆ ಅತ್ತುಬಿಟ್ಟೆ. ಬೇಕರಿಯವರು ಟೀ ಕಳಿಸಿದರು.

"ಹೋಗಾಣ," ಎಂದರು ಸಾಹೇಬರು. "ಇಬ್ರೂ ಹೋಗಾಣ. ನಿಮ್ಮ ತಪ್ಪಲ್ಲಿ ನನ್ನ ಪಾಲೂ ಐತೆ."

ಹೊಳಲ್ಕೆರೆಯವರು ಮರುಮಾತಿಲ್ಲದೆ ಮಷೀನನ್ನು ಕೊಟ್ಟು ಕಳಿಸಿದರು. ತಾವೇ ಇನ್ನೂ ಒಂದು ದಿನವೂ ಸರಿಯಾಗಿ ಆಡಿರಲಿಲ್ಲ ಪಾಪ. ಹೊರಡುವ ದಿನ ನಾನು ಅದನ್ನು ಎರಡು ಸೀರೆಯಲ್ಲಿ ಸುತ್ತಿದೆ, ಸಾಹೇಬರು ಟೇಪ್‌ರೆಕಾರ್ಡರನ್ನು ಟವೆಲಿನಲ್ಲಿ ಸುತ್ತಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡರು, ತಿರುಪು ಅಲುಗಬಾರದಲ್ಲ. ಹಿರಿಯೂರಿನಿಂದ ಯಲ್ಲದಕೆರೆಯ ಬಸ್ಸು. ಅವಳು ಆ ಊರಲ್ಲೇ ಇದ್ದಾಳೆ, ಅಪ್ಪನ ಮಂದೆಯನ್ನು ಅವಳೇ ನೋಡಿಕೊಳ್ಳುತ್ತಾಳೆ ಎಂದು ಅವಳ ಜೊತೆ ಓದಿದವಳೊಬ್ಬಳಿಂದ ತಿಳಿದುಕೊಂಡಿದ್ದೆ. ದಾರಿಯುದ್ದಕ್ಕೂ ನನಗೆ ಒಂದೇ ಹೆದರಿಕೆ. ಬೈದರೆ ಬೈಸಿಕೊಳ್ಳಬಹುದು. "ಯಾವ ಕ್ಯಾಸೆಟ್ಟು ಟೀಚರ್, ನನಗೆ ನೆನಪೇ ಇಲ್ಲ" ಎಂದು ಬಾಗಿಲಲ್ಲೇ ಕಳಿಸಿಬಿಟ್ಟರೆ? ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ನಮ್ಮಜ್ಜಿ ನನಗೆ ಎಷ್ಟು ಸಲ ಹೇಳಿದ್ದಳು.

ಮಧ್ಯಾಹ್ನ ಮೂರರ ಬಿಸಿಲು. ಮನೆಯ ಮುಂದೆ ಉಣ್ಣೆ ಹರವಿಕೊಂಡು ಕೂತಿದ್ದವಳು ತಲೆಯೆತ್ತಿದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಎದ್ದು ಸೆರಗು ಸರಿಮಾಡಿಕೊಂಡಳು.

"ಟೀಚರ್! ಬರ್ರಿ, ಕುಂತ್ಕಳ್ರಿ. ಮೊದ್ಲು ನೀರು ಕುಡೀರಿ."

ನಾನು ಕೂರಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. "ನೀನು ಅಳಿಸಿರ್ಲಿಲ್ಲ ಕಣಮ್ಮ," ಎಂದೆ. "ಒಂದೂ ಅಳಿಸಿರ್ಲಿಲ್ಲ. ತಪ್ಪು ನಂದು."

"ತಿರುಪು ನಂದು," ಎಂದು ಸಾಹೇಬರು ಸೇರಿಸಿದರು, ಅವಳಿಗೆ ಅರ್ಥವಾಗದಿದ್ದರೂ. ಆಮೇಲೆ ನಿಧಾನವಾಗಿ ಎಲ್ಲವನ್ನೂ ವಿವರಿಸಿದರು. ಅವಳು ಉಣ್ಣೆಯ ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೇಳಿಸಿಕೊಂಡಳು.

"ನಂಗೊತ್ತಿತ್ತು ಟೀಚರ್, ನಾನು ಅಳಿಸಿಲ್ಲ ಅಂತ," ಎಂದಳು ಕೊನೆಗೆ. "ನಂಗೊಬ್ಳಿಗೆ ಗೊತ್ತಿದ್ರೆ ಸಾಕಾಗ್ಲಿಲ್ಲ. ಇವತ್ತಿಗೂ ಮನೇಲಿ ಒಂದು ಸೌಟು ಕಾಣ್ದಿದ್ರೆ ಮೊದ್ಲು 'ನಾನಲ್ಲ' ಅಂತೀನಿ. ಯಾರೂ ಕೇಳಿರಲ್ಲ. ನಮ್ಮನೇರು ನಗ್ತಾರೆ."

"ಆ ಮಾತು ಅಂದೆನಲ್ಲಮ್ಮ, ಕುರಿ ಕಾಯೋರು ಅಂತ..."

"ಅದಕ್ಕೆ ಬ್ಯಾಸರ ಇಲ್ಲ. ಕಾಯ್ತೀವಿ, ಅದರಾಗೇನೈತೆ? ಅಳಿಸ್ದೆ ಅಂದ್ರಲ್ಲ, ಅದಕ್ಕೆ ಬ್ಯಾಸರ." ಹಾಗೆಂದು ಕಣ್ಣೊರೆಸಿಕೊಂಡಳು. ಹಾಗೇ ಸೀರೆ ಸುತ್ತಿದ ಗಂಟಿನ ಕಡೆ ನೋಡಿ, "ಅದೇನು ತಂದೀರಿ?" ಎಂದಳು.

ಒಳಗೆ ಹೋಗಿ ಗೋಡೆಯ ಟೀವಿಗೆ ಸಿಕ್ಕಿಸಿದೆವು. ಕ್ಯಾಸೆಟ್ಟಿನ ಮೇಲಿನ ತನ್ನ ಅಕ್ಷರ ನೋಡಿ ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಟೇಪು ಕಿರ್ರೆಂದಿತು. 'ಕರಿಕಿವಿ ಬಂತಾ?'

"ಅಯ್ಯೋ ನಮ್ಮವ್ವ, ಕರಿಕಿವಿ!" ಎಂದು ನೆಲದ ಮೇಲೆ ಕೂತಳು. "ಏನು ಚೇಷ್ಟೆ ಮಾಡ್ತಿತ್ತು ಅದು." ಹೂಂ ಒತ್ತಿದಳು. 'ಚುಕ್ಕಿ ಬಂತಾ?' ಹೂಂ. 'ಕುಂಟಿ ಬಂತಾ?' ಹೂಂ. 'ಮೋಟುಕೊಂಬು ಬಂತಾ?' ಒಂದೊಂದಕ್ಕೂ ಒಂದೊಂದು ಕಥೆ ಹೇಳಿದಳು. ಯಾವುದು ಹಾಗಲಕಾಯಿ ಬಳ್ಳಿ ತಿಂದು ಅವ್ವನ ಹತ್ತಿರ ಏಟು ತಿಂದಿತು, ಯಾವುದು ಮಳೆಯಲ್ಲಿ ತಪ್ಪಿಸಿಕೊಂಡು ಮೂರನೆಯ ದಿನ ತಾನೇ ಬಂತು. ಅವೆಲ್ಲ ಸತ್ತು ಎಷ್ಟೋ ತಲೆಮಾರು ಕಳೆದಿದ್ದವು. "ಇಲ್ಲ ಅನ್ನಾಕೆ ಮನಸ್ಸು ಬರಲ್ಲ ಟೀಚರ್, ಬಂದ್ವು ಅಂತ್ಲೇ ಒತ್ತಾಣ" ಎಂದು ಒತ್ತುತ್ತಾ ಹೋದಳು. ಎಷ್ಟು ಕುರಿ ಇದ್ದವು ಎಂದು ಕೇಳಬೇಡಿ. ನಾನು ಎಣಿಸಲಿಲ್ಲ.

ಅಲ್ಲಿ ಕೂತು ನಾನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಯಾವುದೋ ದೇಶದಲ್ಲಿ ಕೂತು ಹಳೇ ಮಷೀನಿಗೆ ಮರುಹುಟ್ಟು ಕೊಟ್ಟ ಆ ಹುಚ್ಚರಿಗೆ ಕನ್ನಡ ಗೊತ್ತಿಲ್ಲ, ಯಲ್ಲದಕೆರೆ ಗೊತ್ತಿಲ್ಲ. ಟೇಪಿನ ಆ ಒಂದು ತೂತು ಇಡದೆ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇಟ್ಟರು. ಅವರ ಹೊಟ್ಟೆ ತಣ್ಣಗಿರಲಿ. ಮಷೀನು ಕೊಟ್ಟ ಹೊಳಲ್ಕೆರೆಯವರ ಹೊಟ್ಟೆ ತಣ್ಣಗಿರಲಿ. ತಮ್ಮದಲ್ಲದ ತಪ್ಪಿನಲ್ಲಿ ಪಾಲು ಕೇಳಿ ಈ ಬಿಸಿಲಲ್ಲಿ ಬಂದ ಸಾಹೇಬರ ಋಣವನ್ನಂತೂ ನಾನು ತೀರಿಸಲಾರೆ.

ಒತ್ತುತ್ತಿದ್ದ ಬೆರಳು ನಿಂತಿತು. ಅವಳು ಕೀಲಿಮಣೆಯಿಂದ ಕೈ ಹಿಂದಕ್ಕೆಳೆದುಕೊಂಡು, ಹಳೇ ಕಾಲದ ಹುಡುಗಿಯ ಹಾಗೆ ನಾಚಿಕೊಂಡು ನನ್ನ ಕಡೆ ನೋಡಿದಳು.

"ಇದನ್ನ ಮರ್ತಿದ್ದೆ," ಎಂದಳು. "ನೀವು ಸೋಮವಾರ ನೋಡಿ ನಗ್ಲಿ ಅಂತ ಹಾಕಿದ್ದೆ. ಭಾನುವಾರ ಬರ್ತೀನಿ ಅಂದಿದ್ರಲ್ಲ, ಅದಕ್ಕೆ. ಇದನ್ನ ನೀವೇ ಒತ್ರಿ."

ಟೀವಿಯ ಮೇಲೆ ಕೊನೆಯ ಸಾಲು ಮಿಣುಕುತ್ತಿತ್ತು. 'ಟೀಚರ್ ಬಂದ್ರಾ?'

ನನಗೆ ಕೀಲಿ ಕಾಣಲಿಲ್ಲ, ಕಣ್ಣು ತುಂಬಿತ್ತು. ಅವಳೇ ನನ್ನ ಬೆರಳು ಹಿಡಿದು ತೋರಿಸಿದಳು. ಹೂಂ ಒತ್ತಿದೆ. ಸಾಲುಗಳೆಲ್ಲ ಮೇಲೆ ಸರಿದು ಹೋಗಿ ಖಾಲಿ ಪರದೆಯ ಮೇಲೆ ಎರಡು ಮಾತು ಬಂದವು. ಸಾಹೇಬರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು.

"ಎಲ್ಲಾ ಬಂದ್ವು. ಬಾಗ್ಲು ಹಾಕು."

ಹೊರಗೆ ಬಿಸಿಲು ಇಳಿದಿತ್ತು. ನಾಯಿ ಬೊಗಳಿತು, ದೂರದಲ್ಲಿ ಕುರಿಗಳ ಕೊರಳ ಗಂಟೆಯ ಸದ್ದು ಕೇಳಿಸಿತು. ಅವಳು ಮೊಣಕಾಲಿನ ಮೇಲೆ ಕೈಯೂರಿ ಎದ್ದಳು, ನನಗೂ ಕೈ ಕೊಟ್ಟು ಎಬ್ಬಿಸಿದಳು.

"ಏಳ್ರಿ ಟೀಚರ್. ಮಂದೆ ಬರೋ ಹೊತ್ತಾತು. ರೊಪ್ಪದ ಬಾಗ್ಲಲ್ಲಿ ನಿಂತ್ಕಳಾಣ ಬರ್ರಿ, ಹೆಂಗೆ ಕರೀತೀವಿ ಅಂತ ನೋಡೀರಂತೆ."